ಅಂತರ್ಯುದ್ಧದ ಸೇನಾನಿಗಳೂ ಸ್ಮಾರಕ ನಾಣ್ಯಗಳೂ

ಕರೋಲ್ ಬಾಗಿನ ಸಭಾಭವನವೊಂದರಲ್ಲಿ ಈ ಸಲದ ನಮ್ಮ ಶಾಲೆಯ ವಾರ್ಷಿಕೋತ್ಸವವು ನಡೆದಾಗ, ನಾಣ್ಯ ಸಂಗ್ರಹ ಸಂಘದವರಾದ ನಾವು ಆರು ಮಂದಿ ವಿದ್ಯಾರ್ಥಿಗಳು ಪಕ್ಕದ ಕೊಠಡಿಯಲ್ಲಿ ಒಂದು ಚಿಕ್ಕ ಪ್ರದರ್ಶನವನ್ನು ಏರ್ಪಡಿಸಿದ್ದೆವು. ನಾಟಕವನ್ನು ನೋಡಿದಷ್ಟು ಜನ ಅದನ್ನು ನೋಡಲಿಲ್ಲವೆಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇವೆ. ಎರಡು ಉದ್ದನೆಯ ಮೇಜು, ಮೇಲೆ ಬಿಳಿಯ ಬಟ್ಟೆ, ಬಟ್ಟೆಯ ಮೇಲೆ ಸುಮಾರು 80 ನಾಣ್ಯಗಳು, ಒಂದೊಂದರ ಮುಂದೆಯೂ ನಾವೇ ದುಂಡಕ್ಷರದಲ್ಲಿ ಬರೆದ ಒಂದೊಂದು ಚೀಟಿ. ಇಷ್ಟೇ ನಮ್ಮ ವೈಭವ. ಆ ಚೀಟಿಗಳಲ್ಲಿ ಒಂದನ್ನು ತಪ್ಪಾಗಿ ಬರೆದಿದ್ದೆವೆಂದು ಈಗ ನಮಗೆ ತೋರುತ್ತದೆ. ಇಸವಿ, ಲೋಹ, ತೂಕ ಎಲ್ಲವೂ ಸರಿಯಾಗಿಯೇ ಇದ್ದವು. ವಿಚಾರ ಮಾತ್ರ ತಪ್ಪಿತ್ತು. ಅದನ್ನು ಕುರಿತು ಸಹಪಾಠಿಗಳೊಡನೆ ನಾಲ್ಕು ಮಾತುಗಳನ್ನು ಹಂಚಿಕೊಳ್ಳಬೇಕೆಂಬ ಬಯಕೆಯಿಂದ ಈ ಲೇಖನವನ್ನು ಬರೆದಿದ್ದೇವೆ.

ಆ ನಾಣ್ಯವು ಅಮೆರಿಕದ ಸಂಯುಕ್ತ ಸಂಸ್ಥಾನಗಳ 1925ನೆಯ ಇಸವಿಯ ಅರ್ಧ ಡಾಲರು. ಸಂಘದ ಸದಸ್ಯನೊಬ್ಬನ ಸೋದರಮಾವ ಅಟ್ಲಾಂಟಾ ನಗರದಲ್ಲಿ ಉದ್ಯೋಗದಲ್ಲಿರುವರು. ರಜೆಗೆ ಊರಿಗೆ ಬಂದಾಗ ಸೋದರಳಿಯನಿಗೆ ಉಡುಗೊರೆಯಾಗಿ ಅದನ್ನು ತಂದುಕೊಟ್ಟರು. ನೂರಕ್ಕೆ 90 ಪಾಲು ಬೆಳ್ಳಿ. ತೂಕ ಹನ್ನೆರಡೂವರೆ ಗ್ರಾಂ. ಒಂದು ಮುಖದಲ್ಲಿ ಕುದುರೆಗಳನ್ನೇರಿದ ಇಬ್ಬರು ದಂಡನಾಯಕರು. ಇನ್ನೊಂದರಲ್ಲಿ ಬಂಡೆಯ ಮೇಲೆ ಕುಳಿತ ಹದ್ದು, ಜೊತೆಗೆ ದಕ್ಷಿಣದ ಯೋಧನ ಶೌರ್ಯಕ್ಕೆ ಇದು ಸ್ಮಾರಕವೆಂಬ ಅರ್ಥದ ಬರಹ. ಕುದುರೆಗಳ ಕೆತ್ತನೆಯಂತೂ ಬಹು ಸೊಗಸು. ಅದನ್ನು ನೋಡಿ ಮರುಳಾಗಿಯೇ ನಾವು ಹೀಗೆ ಬರೆದೆವು: "ಅಮೆರಿಕದ ಅಂತರ್ಯುದ್ಧದ ಮಹಾವೀರರು, ಜನರಲ್ ಲೀ ಮತ್ತು ಜನರಲ್ ಜ್ಯಾಕ್‌ಸನ್. ವೀರಪೂಜೆಯು ಎಲ್ಲ ದೇಶಗಳಲ್ಲಿಯೂ ಉಂಟು."

ಸಂಜೆ, ನಾಟಕವು ಆರಂಭವಾಗುವುದಕ್ಕೆ ಮೊದಲು, ವೃದ್ಧೆಯೊಬ್ಬರು ಮೊಮ್ಮಗಳ ಕೈ ಹಿಡಿದು ಒಳಗೆ ಬಂದರು. ಗುರುದ್ವಾರ ರಸ್ತೆಯ ಹಿಂದಿನ ಗಲ್ಲಿಯವರು. ಮೊಮ್ಮಗಳು ನಮ್ಮ ಸದಸ್ಯಳೊಬ್ಬಳ ನೆರೆಮನೆಯ ಗೆಳತಿ. ಈ ದಾದೀಜಿಯವರು 1947ರಲ್ಲಿ, ಏಳು ವರ್ಷದ ಬಾಲಕಿಯಾಗಿದ್ದಾಗ, ಲಾಯಲ್‌ಪುರದಿಂದ ಬಂದವರೆಂದು ನಮಗೆ ಮೊದಲೇ ತಿಳಿದಿತ್ತು. ಅವರಿಗೆ ಕನ್ನಡ ಬಾರದುದರಿಂದ ಚೀಟಿಗಳನ್ನು ನಾವೇ ಹಿಂದಿಯಲ್ಲಿ ಹೇಳುತ್ತ ಹೋದೆವು. ಈ ಅರ್ಧ ಡಾಲರಿನ ಮುಂದೆ ಅವರು ನಿಂತರು.

"ಅಂತರ್ಯುದ್ಧವೆಂದರೆ ಮನೆಯವರೇ ಮನೆಯವರೊಡನೆ ಮಾಡಿದ ಯುದ್ಧವಲ್ಲವೆ, ಬೇಟಾ? ಇವರು ಯಾವ ಕಡೆಯವರು?" ಎಂದು ಕೇಳಿದರು. ನಮಗೆ ತಿಳಿದಷ್ಟನ್ನು ಹೇಳಿದೆವು. "ಎದುರು ಕಡೆಯವರ ಮಕ್ಕಳ ಕೈಗೆ ಈ ನಾಣ್ಯ ಬಂದರೆ ಅವರು ಏನೆಂದುಕೊಳ್ಳುವರು?" ಎಂದು ಮತ್ತೆ ಕೇಳಿದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು: "ನನ್ನ ತಂದೆಯನ್ನು ಕೊಂದ ಗುಂಪಿಗೂ ಒಬ್ಬ ನಾಯಕನಿದ್ದ. ಅವನ ಊರಿನಲ್ಲಿ ಅವನನ್ನೂ ವೀರನೆಂದೇ ಕರೆದಿರಬೇಕು. ಇಲ್ಲಿ ನಾವು ಬಂದು ಸೇರಿದ ಮನೆಯನ್ನು ಬಿಟ್ಟು ಹೋದರಲ್ಲ, ಅವರೂ ಯಾವನೋ ಒಬ್ಬ ವೀರನಿಗೆ ಹೆದರಿಯೇ ಹೋದರು."

ಆ ರಾತ್ರಿ ನಾವು ನಾಟಕವನ್ನು ಸರಿಯಾಗಿ ನೋಡಲಿಲ್ಲ. ಮರುವಾರದಿಂದ ಇತಿಹಾಸದ ಮೇಷ್ಟ್ರ ನೆರವು ಪಡೆದು ಆ ನಾಣ್ಯದ ಕಥೆಯನ್ನು ಓದತೊಡಗಿದೆವು. ಓದಿದಂತೆಲ್ಲ ಚೀಟಿಯ ಅಕ್ಷರಗಳು ನಮ್ಮನ್ನು ಚುಚ್ಚತೊಡಗಿದವು.

ಅಮೆರಿಕದ ಅಂತರ್ಯುದ್ಧವು 1861ರಿಂದ 1865ರವರೆಗೆ ನಡೆಯಿತು. ದಕ್ಷಿಣದ ಹನ್ನೊಂದು ಸಂಸ್ಥಾನಗಳು ಒಕ್ಕೂಟವನ್ನು ತೊರೆದು ಬೇರೆಯ ರಾಜ್ಯವನ್ನು ಸ್ಥಾಪಿಸಿಕೊಂಡವು. ಆಗ ಆ ದೇಶದಲ್ಲಿ 40 ಲಕ್ಷಕ್ಕೆ ಸಮೀಪದಷ್ಟು ಕರಿಯ ಜನರು ಗುಲಾಮರಾಗಿದ್ದರು. ತಾಯಿಯಿಂದ ಮಗುವನ್ನು ಬೇರ್ಪಡಿಸಿ ಹರಾಜಿನಲ್ಲಿ ಮಾರುವುದು ಕಾನೂನಿಗೆ ಒಪ್ಪಿದ ವ್ಯವಹಾರವಾಗಿತ್ತು. ದಕ್ಷಿಣದ ಸಂಸ್ಥಾನಗಳು ಬೇರೆಯಾದುದು ಆ ವ್ಯವಸ್ಥೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ. ನಾಲ್ಕು ವರ್ಷಗಳಲ್ಲಿ ಎರಡೂ ಕಡೆ ಸೇರಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಲೀ ದಕ್ಷಿಣದ ಮುಖ್ಯ ಸೇನಾನಿ. 1865ರ ಏಪ್ರಿಲ್ 9ರಂದು ಉತ್ತರದ ಜನರಲ್ ಗ್ರಾಂಟನಿಗೆ ಶರಣಾದನು. ಜ್ಯಾಕ್‌ಸನ್ ಅದಕ್ಕೆ ಎರಡು ವರ್ಷ ಮೊದಲೇ, ಕತ್ತಲಲ್ಲಿ ತನ್ನವರೇ ಗುರುತು ಸಿಕ್ಕದೆ ಹಾರಿಸಿದ ಗುಂಡುಗಳಿಂದ ಗಾಯಗೊಂಡು ತೀರಿಕೊಂಡಿದ್ದನು. ಇಬ್ಬರೂ ಯುದ್ಧವಿದ್ಯೆಯಲ್ಲಿ ನಿಪುಣರೆಂಬುದನ್ನು ಅವರ ವೈರಿಗಳೂ ಅಲ್ಲಗಳೆದಿಲ್ಲ.

ನಾಣ್ಯ ಹುಟ್ಟಿದುದು ಯುದ್ಧ ಮುಗಿದು 60 ವರ್ಷಗಳಾದ ಮೇಲೆ. ಅಟ್ಲಾಂಟಾದ ಹತ್ತಿರ ಸ್ಟೋನ್ ಮೌಂಟನ್ ಎಂಬ ಒಂದೇ ಬಂಡೆಯ ದೊಡ್ಡ ಬೆಟ್ಟವಿದೆ. ನಮ್ಮ ಸಾವನದುರ್ಗವನ್ನು ನೋಡಿದವರು ಅದನ್ನು ಊಹಿಸಿಕೊಳ್ಳಬಹುದು. ಅದರ ಮೈಮೇಲೆ ದಕ್ಷಿಣದ ನಾಯಕರ ಬೃಹದಾಕೃತಿಗಳನ್ನು ಕೆತ್ತಿಸಬೇಕೆಂದು ಒಂದು ಸಂಘದವರು ಹೊರಟರು. ಹಣ ಸಾಲದಾದಾಗ ಅಮೆರಿಕದ ಸಂಸತ್ತು 1924ರಲ್ಲಿ ಒಂದು ಕಾಯಿದೆಯನ್ನು ಮಾಡಿ, 50 ಲಕ್ಷದವರೆಗೆ ಸ್ಮಾರಕ ಅರ್ಧ ಡಾಲರುಗಳನ್ನು ಅಚ್ಚು ಹಾಕಲು ಒಪ್ಪಿಗೆ ಕೊಟ್ಟಿತು. ಸಂಘವು ಅವನ್ನು ಅರ್ಧ ಡಾಲರಿಗೆ ಪಡೆದು ಒಂದು ಡಾಲರಿಗೆ ಮಾರಿ, ಬಂದ ಲಾಭದಿಂದ ಬೆಟ್ಟವನ್ನು ಕೆತ್ತಿಸತಕ್ಕದ್ದು. ನಾಣ್ಯವನ್ನು ಚಿತ್ರಿಸಿದ ಗಟ್ಜನ್ ಬೋರ್ಗ್ಲಮ್ ಎಂಬ ಶಿಲ್ಪಿಯೇ ಬೆಟ್ಟದ ಶಿಲ್ಪಿಯೂ ಆಗಿದ್ದನು. 1925ರಲ್ಲಿ ಸಂಘಕ್ಕೂ ಅವನಿಗೂ ಜಗಳವಾಗಿ, ಅವನು ತನ್ನ ಮಾದರಿಗಳನ್ನು ತಾನೇ ಒಡೆದುಹಾಕಿ ಹೊರಟುಹೋದನು. ಅಮೆರಿಕದ ನಾಲ್ವರು ಅಧ್ಯಕ್ಷರ ಮುಖಗಳನ್ನು ರಷ್‌ಮೋರ್ ಬೆಟ್ಟದಲ್ಲಿ ಕೆತ್ತಿದವನೂ ಇವನೇ. ಅಚ್ಚಾದ 23 ಲಕ್ಷ ನಾಣ್ಯಗಳಲ್ಲಿ ಸುಮಾರು 10 ಲಕ್ಷ ಮಾರಾಟವಾಗದೆ ಟಂಕಸಾಲೆಗೆ ಮರಳಿ ಕರಗಿದವು. ಉಳಿದ 13 ಲಕ್ಷದಲ್ಲಿ ಒಂದು ಕರೋಲ್ ಬಾಗಿನ ನಮ್ಮ ಮೇಜಿನ ಮೇಲೆ ಬಂದು ಕುಳಿತಿತ್ತು.

ಇಷ್ಟನ್ನು ಓದಿ ಇದೊಂದು ಚಂದಾ ಎತ್ತುವ ಉಪಾಯವೆಂದು ನಕ್ಕುಬಿಡಬಹುದು. ಆದರೆ ಇನ್ನೊಂದು ಸಂಗತಿಯಿದೆ. ಅದೇ ಬೆಟ್ಟದ ನೆತ್ತಿಯ ಮೇಲೆ, 1915ರ ನವೆಂಬರಿನ ಒಂದು ರಾತ್ರಿ, ಕೂ ಕ್ಲಕ್ಸ್ ಕ್ಲಾನ್ ಎಂಬ ಕೂಟವು ಮತ್ತೆ ಹುಟ್ಟಿತು. ಬಿಳಿಯ ಮುಸುಕು ಹಾಕಿಕೊಂಡು ಕರಿಯರನ್ನು ಹೊಡೆದು, ಸುಟ್ಟು, ಮರಕ್ಕೆ ನೇಣು ಹಾಕಿ ಹೆದರಿಸುತ್ತಿದ್ದವರ ಕೂಟವಿದು. 1925ರಲ್ಲಿ ಅಟ್ಲಾಂಟಾದ ಕರಿಯ ಬಾಲಕನೊಬ್ಬನು ಅಂಗಡಿಯಲ್ಲಿ ಚಿಲ್ಲರೆ ಪಡೆಯುವಾಗ ಈ ನಾಣ್ಯವು ಅವನ ಅಂಗೈಗೆ ಬಿದ್ದಿರಬಹುದಲ್ಲವೆ? ಅವನ ಅಜ್ಜಿ ಗುಲಾಮಳಾಗಿದ್ದವಳು. ಅವಳನ್ನು ಗುಲಾಮಳಾಗಿಯೇ ಇರಿಸುವುದಕ್ಕೆ ಹೋರಾಡಿದವರ ಮುಖಗಳನ್ನು ಅವಳದೇ ಸರ್ಕಾರವು ಬೆಳ್ಳಿಯಲ್ಲಿ ಅಚ್ಚು ಹಾಕಿ, ಸ್ವಾತಂತ್ರ್ಯ ಎಂಬ ಪದವನ್ನೂ ಅದರ ಮೇಲೆ ಬರೆದು, ಅವಳ ಮೊಮ್ಮಗನ ಕೈಗೆ ಕೊಟ್ಟಿತು. ದಾದೀಜಿಯವರ ಪ್ರಶ್ನೆಯು ಆ ಬಾಲಕನದೇ ಪ್ರಶ್ನೆಯಾಗಿತ್ತು.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಬಿಡಲಾರೆವು. 1869ರಲ್ಲಿ, ಗೆಟ್ಟಿಸ್‌ಬರ್ಗ್ ರಣಭೂಮಿಯಲ್ಲಿ ಸೈನ್ಯಗಳು ನಿಂತಿದ್ದ ಸ್ಥಳಗಳನ್ನು ಗುರುತಿಸಲು ಬರಬೇಕೆಂದು ಲೀಗೆ ಕರೆ ಬಂದಿತು. ಅವನು ಒಪ್ಪಲಿಲ್ಲ. ಯುದ್ಧದ ಗಾಯಗಳನ್ನು ಕೆದಕುತ್ತ ಕೂರುವುದಕ್ಕಿಂತ ಒಳಜಗಳದ ಗುರುತುಗಳನ್ನು ಅಳಿಸಿದ ದೇಶಗಳ ಮಾರ್ಗವನ್ನು ಹಿಡಿಯುವುದೇ ಮೇಲೆಂಬ ಅರ್ಥ ಬರುವಂತೆ ಉತ್ತರ ಬರೆದನು. ತನ್ನ ಮುಖವನ್ನು ನಾಣ್ಯದ ಮೇಲೆ ನೋಡುವ ಯೋಗ ಅವನಿಗೆ ಬರಲಿಲ್ಲ, ಮರುವರ್ಷವೇ ತೀರಿಕೊಂಡನು.

ನಾಣ್ಯವೆಂಬ ವಸ್ತುವಿನ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಸತ್ತ ಸೇನಾನಿಯನ್ನು ನೆನೆಯುವುದಕ್ಕೆ ಮನುಷ್ಯನು ಅನೇಕ ದಾರಿಗಳನ್ನು ಕಂಡುಕೊಂಡಿದ್ದಾನೆ. ಕಾವ್ಯವಿದೆ, ಕಲ್ಲಿದೆ, ಲಾವಣಿಯಿದೆ. ಕಾವ್ಯದಲ್ಲಿ ವಾದಕ್ಕೆ ಜಾಗವುಂಟು. ನಾವಿರುವ ದೆಹಲಿಯಿಂದ ಕುರುಕ್ಷೇತ್ರವು ಕೆಲವೇ ಗಂಟೆಗಳ ದಾರಿ. ಅಲ್ಲಿ ನಡೆದುದೂ ದಾಯಾದಿಗಳ ಯುದ್ಧವೇ. ಅದರಲ್ಲಿ ಸೋತವನಾದ ದುರ್ಯೋಧನನನ್ನು ನಮ್ಮ ರನ್ನನು ಗದಾಯುದ್ಧದಲ್ಲಿ ಎಷ್ಟು ಎತ್ತರಕ್ಕೆ ಏರಿಸಿದನು! ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು ಆ ಬಾಲಕನ ಶೌರ್ಯವನ್ನು ಕೊಂಡಾಡುವ ದುರ್ಯೋಧನನನ್ನು ಒಮ್ಮೆ ಓದಿದವರು ಮರೆಯಲಾರರು. ಆದರೂ ಅವನ ಅಪರಾಧಗಳನ್ನು ರನ್ನನು ಮುಚ್ಚಿಡಲಿಲ್ಲ; ದ್ರೌಪದಿಯ ಮುಡಿಯ ಕಥೆಯೂ ಅದೇ ಕಾವ್ಯದಲ್ಲಿದೆ. ಕವಿಗೆ ಇದು ಸಾಧ್ಯ. ಎರಡೂವರೆ ಅಂಗುಲವೂ ಇಲ್ಲದ ಬಿಲ್ಲೆಯ ಮೇಲೆ ಒಂದು ಮುಖ, ಒಂದು ಹೆಸರು, ಒಂದು ಇಸವಿ ಹಿಡಿಸಿದರೆ ಹೆಚ್ಚು. ಆದರೆ, ಹಾಗಿದ್ದರೂ, ಎಂಬ ಮಾತುಗಳನ್ನು ಟಂಕಸಾಲೆಯ ಅಚ್ಚಿನಲ್ಲಿ ಕೆತ್ತಲು ಬರುವುದಿಲ್ಲ.

ಕಲ್ಲಿನ ಮಾತು ಬೇರೆ. ಕರೋಲ್ ಬಾಗಿನ ಅಂಚಿನಲ್ಲಿರುವ ರಿಡ್ಜ್ ಎಂಬ ಗುಡ್ಡಸಾಲು ಉತ್ತರಕ್ಕೆ ಸಾಗಿ ವಿಶ್ವವಿದ್ಯಾನಿಲಯದ ಕಡೆ ಮತ್ತೆ ತಲೆಯೆತ್ತುತ್ತದೆ. ಅಲ್ಲಿ ಕೆಂಗಲ್ಲಿನ ಎಂಟು ಮೂಲೆಯ ಒಂದು ಗೋಪುರವಿದೆ. 1857ರಲ್ಲಿ ದೆಹಲಿಯನ್ನು ಮುತ್ತಿ ಗೆದ್ದ ಕಂಪನಿಯ ಸೈನ್ಯದ ನೆನಪಿಗಾಗಿ 1863ರಲ್ಲಿ ಆಂಗ್ಲರು ಅದನ್ನು ಕಟ್ಟಿಸಿದರು. ಆ ಸೈನ್ಯದಲ್ಲಿ ಗೂರ್ಖರೂ ಸಿಖ್ಖರೂ ಪಠಾಣರೂ ಇದ್ದರು. ಗೋಡೆಗಳ ಮೇಲಿನ ಸತ್ತವರ, ಗಾಯಗೊಂಡವರ ಲೆಕ್ಕದಲ್ಲಿ ಭಾರತೀಯರೂ ಸೇರಿದ್ದಾರೆ. ಕೋಟೆಯೊಳಗಿನಿಂದ ಹೋರಾಡಿದವರನ್ನು ಅಲ್ಲಿ ಶತ್ರುಗಳೆಂದು ಬರೆದಿದೆ. ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷವಾದ 1972ರಲ್ಲಿ ಭಾರತ ಸರ್ಕಾರವು ಗೋಪುರವನ್ನು ಕೆಡವಲಿಲ್ಲ. ಅಜಿತ್‌ಗಢ್ ಎಂಬ ಹೊಸ ಹೆಸರಿಟ್ಟು, ಒಂದು ಫಲಕವನ್ನು ಸೇರಿಸಿತು. ಇಲ್ಲಿ ಶತ್ರುಗಳೆಂದು ಕರೆದಿರುವವರು ಪರರ ಆಳ್ವಿಕೆಯ ವಿರುದ್ಧ ದೇಶದ ಬಿಡುಗಡೆಗಾಗಿ ಹೋರಾಡಿದವರೆಂದು ಆ ಫಲಕವು ತಿಳಿಸುತ್ತದೆ. ಸಂಘದವರೆಲ್ಲ ಹೋಗಿ ಅದನ್ನು ನೋಡಿ ಬಂದೆವು. ಹಳೆಯ ಬರಹವೂ ಹೊಸ ಬರಹವೂ ಒಂದೇ ಕಟ್ಟಡದಲ್ಲಿ ಎದುರುಬದುರಾಗಿ ವಾದಿಸುತ್ತಿರುವುದನ್ನು ಕಂಡಾಗ, ಇತಿಹಾಸದ ಪುಸ್ತಕದ ಒಂದು ಅಧ್ಯಾಯವನ್ನು ನಡೆದಾಡುತ್ತ ಓದಿದಂತಾಯಿತು. (ಅಲ್ಲಿಗೆ ಹೋಗುವವರು ಕೋತಿಗಳ ವಿಷಯದಲ್ಲಿ ಎಚ್ಚರದಿಂದಿರಬೇಕು, ನಮ್ಮ ತಿಂಡಿಯ ಡಬ್ಬಿಯೊಂದು ಇತಿಹಾಸಕ್ಕೆ ಸೇರಿತು.)

ಕಲ್ಲಿಗೆ ಫಲಕವನ್ನು ಸೇರಿಸಬಹುದು. ಪ್ರತಿಮೆಯನ್ನು ಇಳಿಸಲೂಬಹುದು, ರಿಚ್‌ಮಂಡ್ ನಗರದಲ್ಲಿ 1890ರಿಂದ ನಿಂತಿದ್ದ ಲೀಯ ಅಶ್ವಾರೋಹಿ ಪ್ರತಿಮೆಯನ್ನು 2021ರ ಸೆಪ್ಟೆಂಬರಿನಲ್ಲಿ ಇಳಿಸಿದರು. ಆದರೆ 13 ಲಕ್ಷ ನಾಣ್ಯಗಳನ್ನು ಯಾರು ಹಿಂದಕ್ಕೆ ಕರೆಯಬಲ್ಲರು? ಅವು ಪೆಟ್ಟಿಗೆಗಳಲ್ಲಿ, ಆಲ್ಬಂಗಳಲ್ಲಿ, ಮಾವನವರ ಕೈಚೀಲಗಳಲ್ಲಿ ಲೋಕವನ್ನೆಲ್ಲ ಸುತ್ತುತ್ತಿವೆ. ಸರ್ಕಾರವು ನಾಣ್ಯದ ಮೇಲೆ ಆಡಿದ ಮಾತು ತಿದ್ದಲಾಗದ ಮಾತು. ಇದಲ್ಲದೆ, ಪ್ರತಿಮೆಯನ್ನು ನೋಡಲೊಲ್ಲದವನು ಬೇರೆ ಬೀದಿಯಲ್ಲಿ ಹೋಗಬಹುದು. ನಾಣ್ಯವಾದರೋ ಯಾರ ಅನುಮತಿಯನ್ನೂ ಕೇಳದೆ ಎಲ್ಲರ ಜೇಬಿಗೂ ಇಳಿಯತಕ್ಕ ವಸ್ತು. ನಮ್ಮ ನೋಯಿಡಾದ ಟಂಕಸಾಲೆಯಲ್ಲಿ ಅಚ್ಚಾಗಿ, ಇಸವಿಯ ಕೆಳಗೆ ಒಂದು ಚುಕ್ಕೆಯನ್ನು ಹೊತ್ತು ಬಂದ ರೂಪಾಯಿಯು ಈ ಹೊತ್ತು ಅಜ್ಮಲ್ ಖಾನ್ ರಸ್ತೆಯಲ್ಲಿ ಎಷ್ಟು ಭಾಷೆಗಳವರ, ಎಷ್ಟು ಮತಗಳವರ ಕೈ ದಾಟಿರಬಹುದೆಂದು ಯೋಚಿಸಿ ನೋಡಿರಿ.

ಆದುದರಿಂದ ನಮ್ಮ ಅಭಿಪ್ರಾಯವಿದು. ಒಡಹುಟ್ಟಿದವರು ಹೋರಾಡಿದ ಯುದ್ಧದ ಸೇನಾನಿಯೊಬ್ಬನನ್ನು ನಾಣ್ಯದ ಮೇಲೆ ಗೌರವಿಸಬೇಕಾದರೆ, ಅವನ ಶೌರ್ಯವನ್ನು ಮಾತ್ರ ಅಳೆದರೆ ಸಾಲದು. ಎದುರು ಪಕ್ಷದ ಮನೆಯ ಮಗುವು ಆ ನಾಣ್ಯವನ್ನು ಅವಮಾನವಿಲ್ಲದೆ ಕೈಯಲ್ಲಿ ಹಿಡಿಯಬಲ್ಲದೆ ಎಂದು ಕೇಳಬೇಕು. ಶೌರ್ಯವು ಎಲ್ಲ ಪಕ್ಷಗಳಲ್ಲಿಯೂ ಇರುತ್ತದೆ. ಯಾವುದಕ್ಕಾಗಿ ಎಂಬುದರಲ್ಲಿಯೇ ವ್ಯತ್ಯಾಸ.

ಹಾಗಾದರೆ ಎರಡು ಪಕ್ಷದವರನ್ನೂ ಒಂದೇ ನಾಣ್ಯದಲ್ಲಿ ಕೂರಿಸಿಬಿಟ್ಟರಾಗದೆ ಎಂದು ನಮ್ಮ ಸಂಘದಲ್ಲಿಯೇ ಒಬ್ಬನು ಕೇಳಿದನು. ಅಮೆರಿಕದವರು ಅದನ್ನೂ ಮಾಡಿ ನೋಡಿದ್ದಾರೆ. 1862ರ ಸೆಪ್ಟೆಂಬರ್ 17ರಂದು ಆಂಟೀಟಮ್ ಎಂಬಲ್ಲಿ ಒಂದೇ ಹಗಲಿನಲ್ಲಿ ಸುಮಾರು 23,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಅದರ 75ನೆಯ ವರ್ಷಕ್ಕೆ, 1937ರಲ್ಲಿ, ಹೊರಟ ಅರ್ಧ ಡಾಲರಿನ ಮೇಲೆ ಉತ್ತರದ ಮೆಕ್ಲೆಲನ್, ದಕ್ಷಿಣದ ಲೀ ಇಬ್ಬರ ಮುಖಗಳೂ ಇವೆ. ಗೆಟ್ಟಿಸ್‌ಬರ್ಗಿನ 1936ರ ನಾಣ್ಯದಲ್ಲಿ ದಂಡನಾಯಕರನ್ನೇ ಬಿಟ್ಟು, ಎರಡೂ ಪಕ್ಷಗಳ ಹೆಸರಿಲ್ಲದ ಇಬ್ಬರು ಯೋಧರನ್ನು ಚಿತ್ರಿಸಿದರು. ಇವು ಮೊದಲಿನದಕ್ಕಿಂತ ಮೇಲೆಂದು ಯಾರೂ ಒಪ್ಪಬೇಕು. ಆದರೂ ಒಂದು ಕೊರತೆ ಉಳಿಯಿತು. ಇಬ್ಬರು ಬಿಳಿಯ ಅಣ್ಣತಮ್ಮಂದಿರು ಜಗಳವಾಡಿ ಕೈಕುಲುಕಿದರು. ಯಾರ ಬಿಡುಗಡೆಯ ಪ್ರಶ್ನೆಯಿಂದ ಆ ಜಗಳವು ಹುಟ್ಟಿತೋ ಆ ಕರಿಯ ಜನರಿಗೆ ನಾಣ್ಯದ ಅಂಚಿನಲ್ಲಿಯೂ ಸ್ಥಳ ಸಿಕ್ಕಲಿಲ್ಲ. ಎರಡು ಮುಖಗಳನ್ನು ತಕ್ಕಡಿಯಲ್ಲಿಟ್ಟ ಮಾತ್ರಕ್ಕೆ ನ್ಯಾಯವಾಗುವುದಿಲ್ಲ.

ಅದಕ್ಕೆ ಕಾಲ ಹಿಡಿಯಿತು. ಗುಲಾಮಳಾಗಿ ಹುಟ್ಟಿ, 1849ರಲ್ಲಿ ತಪ್ಪಿಸಿಕೊಂಡು ಓಡಿ, ಮತ್ತೆ ಮತ್ತೆ ಪ್ರಾಣದ ಹಂಗು ತೊರೆದು ಹಿಂದಿರುಗಿ ಇತರರನ್ನೂ ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಎಂಬ ಮಹಿಳೆಯು ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ದಾದಿಯಾಗಿಯೂ ಗುಪ್ತಚರಳಾಗಿಯೂ ದುಡಿದಳು. 1863ರ ಜೂನಿನಲ್ಲಿ ಕಾಂಬಾಹೀ ನದಿಯ ಮೇಲೆ ಸೈನಿಕರ ದೋಣಿಗಳಿಗೆ ದಾರಿ ತೋರಿ, 700ಕ್ಕೂ ಹೆಚ್ಚು ಗುಲಾಮರನ್ನು ಒಂದೇ ದಾಳಿಯಲ್ಲಿ ಬಿಡುಗಡೆ ಮಾಡಿಸಿದಳು. 2024ರಲ್ಲಿ ಅಮೆರಿಕದ ಟಂಕಸಾಲೆಯು ಅವಳ ಗೌರವಾರ್ಥವಾಗಿ ಮೂರು ನಾಣ್ಯಗಳನ್ನು ಹೊರಡಿಸಿತು. ಅವುಗಳಲ್ಲಿ ಅವಳ ಯುದ್ಧಸೇವೆಯನ್ನು ತೋರಿಸುವುದು ಅರ್ಧ ಡಾಲರೇ. ಲೀಯ ಅರ್ಧ ಡಾಲರಿಗೂ ಟಬ್‌ಮನ್ನಳ ಅರ್ಧ ಡಾಲರಿಗೂ ನಡುವೆ 99 ವರ್ಷಗಳು ಕಳೆದಿದ್ದವು.

ಇನ್ನು ನಮ್ಮ ದೇಶಕ್ಕೆ ಬರೋಣ. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯವು 1964ರಲ್ಲಿ ನೆಹರೂ ಅವರ ನಿಧನಾನಂತರ ಬಂದಿತು. ಸೇನಾನಿಗಳ ಸರದಿ ಬಹಳ ತಡವಾಗಿ ಬಂದಿತು. 1857ರ ಹೋರಾಟಕ್ಕೆ 150 ವರ್ಷ ತುಂಬಿದಾಗ 2007ರಲ್ಲಿ ಐದು ರೂಪಾಯಿಯ ನಾಣ್ಯ ಹೊರಟಿತು. 2015ರ ಇಸವಿಯನ್ನು ಹೊತ್ತ ತಾತ್ಯಾ ಟೋಪೆಯ ನಾಣ್ಯವೂ ಉಂಟು. 1857ರಲ್ಲಿ ಭಾರತೀಯರು ಎರಡೂ ಕಡೆ ಇದ್ದರೆಂಬುದನ್ನು ಅಜಿತ್‌ಗಢದ ಗೋಡೆಯೇ ಹೇಳುತ್ತದೆ. ಆದರೂ ಕರೋಲ್ ಬಾಗಿನ ಪಕ್ಕದ ರಾಣಿ ಝಾನ್ಸಿ ರಸ್ತೆಯಲ್ಲಿ ದಿನವೂ ಓಡಾಡುವ ಸಿಖ್ ಸಹಪಾಠಿಗಾಗಲಿ ಗೂರ್ಖ ಸಹಪಾಠಿಗಾಗಲಿ ಆ ಹೆಸರು ಚುಚ್ಚುವುದಿಲ್ಲ. ಟೋಪೆಯೂ ರಾಣಿಯೂ ಯಾರನ್ನು ಎದುರಿಸಿದರೋ ಆ ದೊರೆತನವು ಪರದೇಶದ್ದು. ಅದು ತೊಲಗಿದುದರಿಂದ ಎರಡು ಪಕ್ಷದ ಮೊಮ್ಮಕ್ಕಳೂ ಸಮಾನವಾಗಿ ಸ್ವತಂತ್ರರಾದರು. ನಮ್ಮ ಹಲಗಲಿಯ ಬೇಡರಾದರೋ ಅದೇ 1857ರಲ್ಲಿ ಆಯುಧಗಳನ್ನು ಒಪ್ಪಿಸಲಾರೆವೆಂದು ನಿಂತು ಮಡಿದರು. ಅವರನ್ನು ಬಾಳಿಸಿಕೊಂಡು ಬಂದುದು ಲಾವಣಿ.

ನೇತಾಜಿಯವರ ಜನ್ಮಶತಾಬ್ದಿಯ ಎರಡು ರೂಪಾಯಿಯ ನಾಣ್ಯವೂ, 2018ರ 75 ರೂಪಾಯಿಯ ನಾಣ್ಯವೂ ಇನ್ನೂ ಕಠಿನವಾದ ಪರೀಕ್ಷೆಯನ್ನು ಒಡ್ಡುತ್ತವೆ. 1944ರಲ್ಲಿ ಇಂಫಾಲದ ಗುಡ್ಡಗಳಲ್ಲಿ ಆಜಾದ್ ಹಿಂದ್ ಸೈನಿಕರು ಎದುರಿಸಿದ ಸೈನ್ಯದಲ್ಲಿಯೂ ಇದ್ದವರು ಬಹುಪಾಲು ಭಾರತೀಯರೇ. ಇದಕ್ಕೆ ನಮ್ಮ ಕರ್ನಾಟಕದ ಒಂದೇ ಮನೆಯ ನಿದರ್ಶನವಿದೆ. ಕೊಡಗಿನ ಕೊಡಂದೇರ ಮನೆತನದ ಕೆ. ಎಸ್. ತಿಮ್ಮಯ್ಯನವರು ಬ್ರಿಟಿಷ್ ಭಾರತದ ಸೈನ್ಯದ ಅಧಿಕಾರಿಯಾಗಿ ಬರ್ಮಾದ ರಣರಂಗದಲ್ಲಿದ್ದಾಗ, ಅವರ ಸಹೋದರರಾದ ಪೊನ್ನಪ್ಪನವರು ಆಜಾದ್ ಹಿಂದ್ ಸೈನ್ಯವನ್ನು ಸೇರಿದ್ದರು. ಯಾರು ದೇಶಭಕ್ತರು, ಯಾರಲ್ಲ ಎಂದು ಆ ಮನೆಯ ತಾಯಿಯನ್ನು ಕೇಳುವ ಧೈರ್ಯ ಯಾರಿಗಿದ್ದೀತು? ಸ್ವತಂತ್ರ ಭಾರತವು ತಿಮ್ಮಯ್ಯನವರನ್ನು 1957ರಲ್ಲಿ ಭೂಸೈನ್ಯದ ಮುಖ್ಯಸ್ಥರನ್ನಾಗಿ ಮಾಡಿತು. ನೇತಾಜಿಯವರ ಮುಖವನ್ನು ನಾಣ್ಯದ ಮೇಲೂ ಇರಿಸಿತು. ಎರಡೂ ಸರಿಯೆಂದೇ ನಾವು ತಿಳಿಯುತ್ತೇವೆ.

ತಿಮ್ಮಯ್ಯನವರ ಹೆಸರನ್ನು ಎತ್ತಿದುದಕ್ಕೆ ಇನ್ನೊಂದು ಕಾರಣವಿದೆ. 1947ರಲ್ಲಿ ಪಂಜಾಬು ಹೊತ್ತಿ ಉರಿಯುತ್ತಿದ್ದಾಗ, ಎರಡೂ ದಿಕ್ಕಿಗೆ ನಡೆಯುತ್ತಿದ್ದ ನಿರಾಶ್ರಿತರ ಸಾಲುಗಳನ್ನು ಕಾಪಾಡಿ ಗಡಿ ದಾಟಿಸುವ ಹೊಣೆಯು ಅವರ ಪಾಲಿಗೆ ಬಂದಿತು. ನಿವೃತ್ತರಾದ ಬಳಿಕ, 1964ರಲ್ಲಿ, ಸೈಪ್ರಸ್ ದ್ವೀಪದಲ್ಲಿ ಗ್ರೀಕರೂ ತುರ್ಕರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾಗ, ಅವರ ನಡುವೆ ನಿಲ್ಲತಕ್ಕ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ದಂಡನಾಯಕರಾದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಕರ್ತವ್ಯದಲ್ಲಿರುವಾಗ ಕಾಲವಾದರು. ಮರುವರ್ಷ ಸೈಪ್ರಸ್ ದೇಶವು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಪರರ ಒಳಜಗಳದಲ್ಲಿ ಯಾವ ಪಕ್ಷವನ್ನೂ ಗೆಲ್ಲಿಸದೆ, ಎರಡು ಪಕ್ಷಗಳ ನಡುವೆ ನಿಂತುದಕ್ಕಾಗಿ ಕೊಡಗಿನ ಸೇನಾನಿಯೊಬ್ಬನಿಗೆ ಆ ಗೌರವವು ಸಂದಿತು. ಮುಂದೆ ಯಾವ ನಾಣ್ಯವನ್ನು ಅಚ್ಚು ಹಾಕಬೇಕೆಂದು ನಮ್ಮ ಸರ್ಕಾರವು ಶಾಲೆಯ ಮಕ್ಕಳನ್ನು ಕೇಳುವ ಸಂಭವವಿಲ್ಲ. ಕೇಳಿದರೆ ನಾವು ಇವರ ಹೆಸರನ್ನು ಹೇಳುತ್ತೇವೆ. ಅವರ ಮುಖವಿರುವ ನಾಣ್ಯವನ್ನು ಲಾಯಲ್‌ಪುರದಿಂದ ಬಂದವರ ಮಕ್ಕಳೂ ಹಿಡಿಯಬಲ್ಲರು, ಲಾಯಲ್‌ಪುರಕ್ಕೆ ಹೋದವರ ಮಕ್ಕಳೂ ಹಿಡಿಯಬಲ್ಲರು.

ಇದನ್ನೆಲ್ಲ ಸಂಘದ ಸಭೆಯಲ್ಲಿ ಮಂಡಿಸಿದಾಗ ವಿರೋಧವಿಲ್ಲದಿರಲಿಲ್ಲ. ಎಲ್ಲರ ಮನಸ್ಸನ್ನೂ ನೋಡುತ್ತ ಹೋದರೆ ನಾಣ್ಯದ ಮೇಲೆ ಹೂವು ಹಣ್ಣುಗಳಲ್ಲದೆ ಮತ್ತೇನೂ ಉಳಿಯದೆಂದು ಒಬ್ಬಳು ವಾದಿಸಿದಳು. ಅವಳ ಮಾತಿನಲ್ಲಿಯೂ ಸತ್ಯಾಂಶವಿದೆ. ಯಾರಿಗೋ ಇಷ್ಟವಾಗಲಿಲ್ಲವೆಂದು ವೀರರನ್ನೆಲ್ಲ ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಗುಲಾಮರ ಒಡೆಯನ ಮೊಮ್ಮಗನಿಗೆ ಟಬ್‌ಮನ್ನಳ ನಾಣ್ಯವು ಹಿಡಿಸದಿರಬಹುದು. ಆದರೆ ಅದು ಅವನಿಂದ ಏನನ್ನೂ ಕಸಿಯಲಿಲ್ಲ, ನೀನು ಮನುಷ್ಯನಲ್ಲವೆಂದು ಅವನಿಗೆ ಹೇಳಲಿಲ್ಲ. ಲೀಯ ನಾಣ್ಯವು ಆ ಕರಿಯ ಬಾಲಕನಿಗೆ ಹೇಳಿದುದು ಅದನ್ನೇ. ಹಿಡಿಸದಿರುವುದು ಬೇರೆ, ಅವಮಾನ ಬೇರೆ.

ಕರೋಲ್ ಬಾಗಿನ 1947ನ್ನು ಕುರಿತು ಯಾವ ನಾಣ್ಯವೂ ನಮ್ಮ ಪೆಟ್ಟಿಗೆಯಲ್ಲಿಲ್ಲ. ಆ ಸೆಪ್ಟೆಂಬರಿನಲ್ಲಿ ಈ ಬೀದಿಗಳಲ್ಲಿಯೂ ರಕ್ತ ಹರಿಯಿತು. ಇಲ್ಲಿದ್ದವರು ಓಡಿಹೋದರು, ಅಲ್ಲಿಂದ ಓಡಿಬಂದವರು ಇಲ್ಲಿ ಸೇರಿದರು. ಆ ಗಲಭೆಯ ಗುಂಪುಗಳ ಮುಂದಾಳುಗಳ ಹೆಸರು ಇಲ್ಲಿನ ಯಾವ ರಸ್ತೆಗೂ ಇಲ್ಲ. ಆ ದಿನಗಳಲ್ಲಿ ಇಲ್ಲಿಯೇ ಪ್ರಾಣ ಕಳೆದುಕೊಂಡ ಶಸ್ತ್ರವೈದ್ಯರಾದ ಡಾಕ್ಟರ್ ಎನ್. ಸಿ. ಜೋಶಿಯವರ ಹೆಸರಿನಲ್ಲಿ ಒಂದು ಆಸ್ಪತ್ರೆಯಿದೆ, ಒಂದು ರಸ್ತೆಯಿದೆ. ನಮ್ಮಲ್ಲಿ ಅನೇಕರು ಜ್ವರ ಬಂದಾಗ, ಕೈ ಮುರಿದಾಗ ಆ ಆಸ್ಪತ್ರೆಯ ಸಾಲಿನಲ್ಲಿ ನಿಂತವರೇ. ಹೆಸರು ಯಾರದೆಂದು ಕೇಳಿದವರು ಒಬ್ಬರೂ ಇರಲಿಲ್ಲ.

ಅರ್ಧ ಡಾಲರನ್ನು ಪ್ರದರ್ಶನದಿಂದ ತೆಗೆಯಬೇಕೆ ಎಂಬ ಪ್ರಶ್ನೆಯು ಬಂದಾಗ, ಬೇಡವೆಂದೇ ಎಲ್ಲರೂ ತೀರ್ಮಾನಿಸಿದೆವು. ಚೀಟಿಯನ್ನು ಮಾತ್ರ ಬದಲಾಯಿಸಿದ್ದೇವೆ: "1925. ಅಮೆರಿಕದಲ್ಲಿ ಗುಲಾಮಗಿರಿಯ ರಕ್ಷಣೆಗಾಗಿ ಬೇರೆಯಾದ ಸಂಸ್ಥಾನಗಳ ಇಬ್ಬರು ಸೇನಾನಿಗಳು. ಯುದ್ಧ ಮುಗಿದ 60 ವರ್ಷಗಳ ಮೇಲೆ ಹೊರಟ ನಾಣ್ಯ. ಇದನ್ನು ಕೈಯಲ್ಲಿ ಹಿಡಿಯಲಾರದವರೂ ಆಗ ಆ ದೇಶದ ಪ್ರಜೆಗಳಾಗಿದ್ದರು."

ಹೊಸ ಚೀಟಿಯನ್ನು ತೋರಿಸಲು ದಾದೀಜಿಯವರ ಮನೆಗೆ ಹೋಗಿದ್ದೆವು. ಚಹಾ ಆದಮೇಲೆ ಅವರು ಒಳಗಿನಿಂದ ಒಂದು ರೂಪಾಯಿಯನ್ನು ತಂದು ಮೇಜಿನ ಮೇಲಿಟ್ಟರು. 1947ರ ನಿಕ್ಕಲ್ ರೂಪಾಯಿ. ಒಂದು ಕಡೆ ಆರನೆಯ ಜಾರ್ಜ್ ದೊರೆಯ ತಲೆ, ಇನ್ನೊಂದು ಕಡೆ ನಡೆಯುತ್ತಿರುವ ಹುಲಿ. ಅವರ ತಾಯಿಯು ದುಪಟ್ಟದ ತುದಿಯಲ್ಲಿ ಗಂಟು ಹಾಕಿಕೊಂಡು ತಂದುದರಲ್ಲಿ ಖರ್ಚಾಗದೆ ಉಳಿದುದು ಅದೊಂದೇ. ಆಗ ಆ ರೂಪಾಯಿಯು ಗಡಿಯ ಎರಡು ಕಡೆಗಳಲ್ಲಿಯೂ ಚಲಾವಣೆಯಲ್ಲಿತ್ತು. ಇಲ್ಲಿಂದ ಹೋದವರ ಗಂಟಿನಲ್ಲಿಯೂ ಅದೇ ಹುಲಿ ಇದ್ದಿರಬೇಕು. ಮುಂದಿನ ಪ್ರದರ್ಶನಕ್ಕೆ ಅದನ್ನು ಎರವಲಾಗಿ ಕೊಡಲು ಅವರು ಒಪ್ಪಿದ್ದಾರೆ. ಅದರ ಚೀಟಿಯನ್ನು ನಾವು ಕನ್ನಡದಲ್ಲಿ, ಅವರ ಮೊಮ್ಮಗಳು ಹಿಂದಿಯಲ್ಲಿ ಬರೆಯುವುದೆಂದು ಗೊತ್ತಾಗಿದೆ.